ಹೊಸ ಕ್ಯಾನ್ಸರ್ ಸಂಶೋಧನಾ ಕೇಂದ್ರಕ್ಕೆ ಐದು ವರ್ಷದ ಪ್ಲಾನ್: ಅಮೆರಿಕದ ಮಾದರಿ ದಾವಣಗೆರೆಯಲ್ಲಿ ನಡೆಯುತ್ತಾ?

ದಾವಣಗೆರೆಯ ಹೊಸ ಕ್ಯಾನ್ಸರ್ ಸಂಶೋಧನಾ ಕೇಂದ್ರಕ್ಕೆ ಆಡಳಿತದ ಕೆಲಸಕ್ಕೆ ಸೇರಿದ್ದೀರಿ. ಐದು ವರ್ಷದ ಪ್ಲಾನ್, ಜೊತೆಗೆ ಮೌಲ್ಯಮಾಪನ ಹೇಗೆ ಅಂತ ಬರೆದುಕೊಡಿ ಅಂದಿದ್ದಾರೆ. ಅಮೆರಿಕದ ಕೇಂದ್ರಗಳನ್ನು ನೋಡಿ ಬರೆದರೆ ಆಗುತ್ತಾ ಅಂತ ಕೇಳಿದ್ದೀರಿ. ನಾನು ಬೆಂಗಳೂರಿನ ಒಂದು ಕ್ಯಾನ್ಸರ್ ಆಸ್ಪತ್ರೆಯ ಟ್ರಯಲ್ (ಹೊಸ ಚಿಕಿತ್ಸೆಯನ್ನು ರೋಗಿಗಳ ಮೇಲೆ ಪರೀಕ್ಷಿಸುವ ಅಧ್ಯಯನ) ಆಫೀಸಿನಲ್ಲಿ ಕೆಲಸ ಮಾಡಿದವಳು, ಈಗ ಊರಿಗೆ ವಾಪಸ್ ಬಂದಿದ್ದೇನೆ. ಆಗುತ್ತದೆ. ಆದರೆ ಎಲ್ಲರೂ ನಕಲು ಮಾಡುವ ಧ್ಯೇಯ, ದೂರದೃಷ್ಟಿ ಅನ್ನೋ ಪುಟಗಳನ್ನು ಬಿಟ್ಟುಬಿಡಿ.

ಅಮೆರಿಕದಲ್ಲಿ 1971ರ ಕ್ಯಾನ್ಸರ್ ಕಾಯ್ದೆ ಬಂದ ಮೇಲೆ ಕ್ಯಾನ್ಸರ್ ಕೇಂದ್ರಗಳಿಗೆ ಮಾನ್ಯತೆ ಕೊಡುವ ವ್ಯವಸ್ಥೆ ಬೆಳೆಯಿತು. ಈಗ 70ಕ್ಕೂ ಹೆಚ್ಚು ಕೇಂದ್ರಗಳಿಗೆ ಅಲ್ಲಿನ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಮಾನ್ಯತೆ ಇದೆ. ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ ಅದನ್ನು ಮತ್ತೆ ಗಳಿಸಬೇಕು. ಆ ನಡುವೆ ಹೊರಗಿನ ತಜ್ಞರ ಸಲಹಾ ಮಂಡಳಿ ಬಂದು ಕೂರುತ್ತದೆ, ಬರವಣಿಗೆಯಲ್ಲಿ ವರದಿ ಕೊಡುತ್ತದೆ. ಹೋದ ಸಲ ಹೇಳಿದ್ದಕ್ಕೆ ಏನು ಮಾಡಿದಿರಿ ಅಂತಲೂ ಕೇಳುತ್ತದೆ. ನಮ್ಮಲ್ಲೂ ಸಲಹಾ ಸಮಿತಿಗಳಿಗೇನು ಬರ ಇಲ್ಲ. ನಿವೃತ್ತ ಪ್ರೊಫೆಸರ್, ದಾನಿಗಳು, ಒಬ್ಬರು ಟ್ರಸ್ಟಿ. ಶಾಲು ಹಾಕ್ತೀವಿ, ಬೆಣ್ಣೆ ದೋಸೆ ತಿನ್ನಿಸ್ತೀವಿ, ‘ಪ್ರಗತಿ ತೃಪ್ತಿಕರ’ ಅಂತ ಸಹಿ ಬೀಳುತ್ತದೆ. ನಿಮ್ಮ ಡೈರೆಕ್ಟರ್‌ಗೆ ಮುಲಾಜು ನೋಡದ ನಾಲ್ಕು ಜನ ಸಾಕು. ಅದರಲ್ಲಿ ಒಬ್ಬರು ಅಂಕಿಅಂಶ ಗೊತ್ತಿರುವವರು, ಒಬ್ಬರು ಹಳ್ಳಿ ತಿರುಗಿದ ನರ್ಸ್ ಇರಲಿ.

ಅವರ ಮುಂದೆ ಇಡಬೇಕಾದ್ದು ಸಂಶೋಧನಾ ಪ್ರಬಂಧಗಳ ಪಟ್ಟಿ ಅಲ್ಲ, ಟ್ರಯಲ್‌ಗಳ ನಿಜವಾದ ಸ್ಥಿತಿ. ನಮ್ಮ ಆಫೀಸಿನ ಎಕ್ಸೆಲ್ ಶೀಟಿನಲ್ಲಿ ಒಂದು ಕಾಲಂ ಇತ್ತು: ‘ಕೊನೆಯ ರೋಗಿ ಸೇರಿದ ದಿನ’. ನಡೀತಿದೆ ಅಂತ ಹೆಸರಿದ್ದ ಟ್ರಯಲ್ ಒಂದರಲ್ಲಿ ಆ ದಿನಾಂಕ ಹಿಂದಿನ ವರ್ಷದ್ದು. ರೋಗಿಗಳ ಹಿತ ನೋಡುವ ಎಥಿಕ್ಸ್ ಕಮಿಟಿಗೆ ವರದಿ ಹೋಗುತ್ತಿತ್ತು, ಕೋಆರ್ಡಿನೇಟರ್‌ಗೆ ಸಂಬಳ ಆಗುತ್ತಿತ್ತು, ರೋಗಿ ಮಾತ್ರ ಇಲ್ಲ. ಅಮೆರಿಕದಲ್ಲಿ ಇಂಥ ಟ್ರಯಲ್ ಮುಚ್ಚಿಸುವ ಅಧಿಕಾರ ಇರುವ ಪರಿಶೀಲನಾ ಸಮಿತಿ ಕೇಂದ್ರದೊಳಗೇ ಇರಬೇಕು, ಅದು ಮಾನ್ಯತೆಗೇ ಬೇಕಾದ ಷರತ್ತು. ನನ್ನ ಮಟ್ಟಿಗೆ ಅವರಿಂದ ಕಲಿಯಬೇಕಾದ ದೊಡ್ಡ ವಿಷಯ ಇದೇ. ಏನನ್ನೂ ನಿಲ್ಲಿಸದ ಮೌಲ್ಯಮಾಪನ ಸುಮ್ನೆ ಕಾಗದ ಖರ್ಚು. ಯಾರು ನಿಲ್ಲಿಸುತ್ತಾರೆ, ಯಾವಾಗ ನಿಲ್ಲಿಸುತ್ತಾರೆ ಅಂತ ಪ್ಲಾನ್‌ನಲ್ಲೇ ಬರೆಯಿರಿ. ಆಮೇಲೆ ಬರೆಯೋಣ ಅಂದರೆ ಯಾರೂ ಒಪ್ಪಲ್ಲ, ಅಷ್ಟರಲ್ಲಿ ಟ್ರಯಲ್‌ಗೆ ಒಬ್ಬ ದೊಡ್ಡ ಡಾಕ್ಟರ ಹೆಸರು ಅಂಟಿಕೊಂಡಿರುತ್ತದೆ.

ನಾಯಕತ್ವದ ಬಗ್ಗೆ ಜಾಸ್ತಿ ಹೇಳಲ್ಲ. ಜಾಗ, ನೇಮಕಾತಿ, ದುಡ್ಡು ಈ ಮೂರರಲ್ಲಿ ಡೈರೆಕ್ಟರ್ ಮಾತು ನಡೆಯುತ್ತಾ ನೋಡಿ. ಬಯಾಪ್ಸಿ ಸ್ಯಾಂಪಲ್ ಇಟ್ಟ ಮೈನಸ್ 80 ಡಿಗ್ರಿ ಫ್ರೀಜರ್ ರಾತ್ರಿ ಕೆಟ್ಟರೆ, ಬೆಳಿಗ್ಗೆಯೇ ಮೆಕ್ಯಾನಿಕ್ ಕರೆಸೋಕೆ ಅವರ ಸಹಿ ಸಾಕಾ? ಕಾಲೇಜಿನ ಖರೀದಿ ಸಮಿತಿ ಸೇರೋವರೆಗೆ ಕಾಯಬೇಕಾದರೆ ನಿಮ್ಮಲ್ಲಿ ಡೈರೆಕ್ಟರ್ ಹುದ್ದೆ ಇದೆ, ಅಧಿಕಾರ ಇಲ್ಲ.

ಇನ್ನು ನಿಮ್ಮ ಪ್ಲಾನ್ ಯಾವ ಊರುಗಳಿಗೆ ಅನ್ನೋದು. ಅಮೆರಿಕದಲ್ಲಿ ರೋಗಿಗಳನ್ನು ನೋಡುವ ಪ್ರತಿ ಮಾನ್ಯತೆ ಪಡೆದ ಕೇಂದ್ರವೂ ತಾನು ಯಾವ ಪ್ರದೇಶದ ಜನರಿಗೆ ಹೊಣೆ ಅಂತ ಮೊದಲೇ ಗುರುತಿಸಿ ಹೇಳಬೇಕು. ಇಲ್ಲಿ ಜಿಲ್ಲೆಯ ಗಡಿ ನೋಡಿದರೆ ಕೆಲಸ ಕೆಡುತ್ತದೆ. ಹರಪನಹಳ್ಳಿ ಈಗ ವಿಜಯನಗರ ಜಿಲ್ಲೆ, ಜನ ಬರೋದು ದಾವಣಗೆರೆಗೆ. ಮೊಳಕಾಲ್ಮೂರು ಚಿತ್ರದುರ್ಗ ಜಿಲ್ಲೆ, ಅವರಿಗೆ ಬಳ್ಳಾರಿಯೇ ಹತ್ತಿರ. ರೋಗಿಗಳ ರಿಜಿಸ್ಟರಿನಲ್ಲಿರುವ ಊರ ಹೆಸರುಗಳನ್ನು ತೆಗೆದು ನಕ್ಷೆ ಮೇಲೆ ಗುರುತು ಹಾಕಿ.

ಹಾಗೆ ಮಾಡಿದಾಗ ಅಡಿಕೆ ಬೆಳೆಯುವ ಚನ್ನಗಿರಿ ಕಡೆ ಬಂದೇ ಬರುತ್ತೀರಿ. ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ, ತಂಬಾಕು ಸೇರಿರಲೇಬೇಕಂತಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ. ಅರ್ಧ ತಾಲೂಕು ಅಡಿಕೆಯಿಂದಲೇ ಬದುಕುವ ಕಡೆ ಇದನ್ನು ಪ್ಲಾನ್‌ನಲ್ಲಿ ಬರೆಯೋಕೆ ಧೈರ್ಯ ಬೇಕು, ನಿಮ್ಮ ದಾನಿಗಳಲ್ಲೂ ತೋಟ ಇರುವವರು ಇರುತ್ತಾರೆ, ಅಲ್ವಾ? ಆದರೂ ಬಾಯಿ ಕ್ಯಾನ್ಸರ್ ಬಿಟ್ಟು ಬೇರೆ ಯಾವುದನ್ನೋ ಮೊದಲಿಗೆ ಹಿಡಿದರೆ ನಾನಂತೂ ಒಪ್ಪಲ್ಲ.

ಈ ವಾರವೇ ಮಾಡಬಹುದಾದ್ದು ಒಂದಿದೆ. ಹಳೆಯ ಕೇಸ್ ಫೈಲ್‌ಗಳಲ್ಲಿ ರೋಗಿಯ ಫೋನ್ ನಂಬರ್ ನೋಡಿ, ಮುಂದೆ ರೋಗಿ ಹೇಗಿದ್ದಾರೆ ಅಂತ ವಿಚಾರಿಸೋಕೆ ಅದೇ ದಾರಿ. ಎಷ್ಟೋ ಕಡೆ ಅದು ಬೆಂಗಳೂರಲ್ಲಿರುವ ಮಗನದ್ದೋ ಪಕ್ಕದ ಅಂಗಡಿಯದ್ದೋ ಆಗಿರುತ್ತದೆ. ಇನ್ನು ಮುಂದೆ ಎರಡು ನಂಬರ್ ಬರೆಸಿಕೊಳ್ಳಿ, ಊರಿನ ಆಶಾ ಕಾರ್ಯಕರ್ತೆಯ ಹೆಸರೂ ಇರಲಿ. ಬೆಂಗಳೂರಿನಲ್ಲಿರುವ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ರಾಷ್ಟ್ರೀಯ ಕೇಂದ್ರದ ಆಸ್ಪತ್ರೆ ಕ್ಯಾನ್ಸರ್ ನೋಂದಣಿಗೆ, ಅಂದರೆ ಆಸ್ಪತ್ರೆಗಳಿಗೆ ಬಂದ ಕ್ಯಾನ್ಸರ್ ರೋಗಿಗಳ ದಾಖಲೆಗೆ, ಸೇರಲು ಅರ್ಜಿ ಬರೆಯುವಾಗ ಈ ಮಾಹಿತಿ ಕೈಯಲ್ಲಿದ್ದರೆ ಕೆಲಸ ಸಲೀಸು.