ಶನಿವಾರ-ಭಾನುವಾರದ ನರ್ಸರಿ ತರಬೇತಿ ಸಾಕೇ? ನನ್ನ ಅನುಭವದಿಂದ ಒಂದು ಉತ್ತರ

ಕಚೇರಿಯ ಕೆಲಸ ಬಿಡದೆ, ಐದು ವರ್ಷದ ಮಗಳನ್ನು ನೋಡಿಕೊಳ್ಳುತ್ತಲೇ, ಶನಿವಾರ-ಭಾನುವಾರ ಮಾತ್ರ ನಡೆಯುವ ನರ್ಸರಿ ಶಿಕ್ಷಕಿಯರ ತರಬೇತಿ ಮುಗಿಸಿ ಡೇ ಕೇರ್‌ನಲ್ಲಿ ಕೆಲಸಕ್ಕೆ ಸೇರಬಹುದೇ, ಹಾಗೆ ಸೇರಿದರೆ ಮಗಳೊಂದಿಗೆ ಹೆಚ್ಚು ಹೊತ್ತು ಇರಬಹುದೇ ಎಂದು ಕೇಳಿದ್ದೀರಿ. ಒಂಬತ್ತು ವರ್ಷಗಳ ಹಿಂದೆ ನನ್ನ ತಲೆಯಲ್ಲಿಯೂ ಇವೇ ಎರಡು ಪ್ರಶ್ನೆಗಳಿದ್ದವು.

ಆಗ ನಾನು ಬೆಂಗಳೂರಿನ ಪೀಣ್ಯದಲ್ಲಿ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿದ್ದೆ. ಮಗನಿಗೆ ನಾಲ್ಕು ವರ್ಷ. ಅವನನ್ನು ಅತ್ತೆಯವರ ಬಳಿ ಬಿಟ್ಟು ಬೆಳಿಗ್ಗೆ ಎಂಟಕ್ಕೆ ಹೊರಟರೆ ಮನೆ ಸೇರುವಾಗ ಏಳೂವರೆಯಾಗುತ್ತಿತ್ತು. ಮಕ್ಕಳೆಂದರೆ ನನಗೆ ಪ್ರೀತಿ, ಒಂದು ಮಗುವನ್ನು ಸಾಕಿದ್ದೇನೆ, ಆದ್ದರಿಂದ ಈ ಕೆಲಸ ನನಗೆ ಒಗ್ಗುತ್ತದೆ ಎಂದು ನಂಬಿ, 45 ಸಾವಿರ ರೂಪಾಯಿ ಕಟ್ಟಿ, ಒಂದು ಖಾಸಗಿ ಸಂಸ್ಥೆಯಲ್ಲಿ ಭಾನುವಾರಗಳ ಒಂದು ವರ್ಷದ ಕೋರ್ಸಿಗೆ ಸೇರಿದೆ. ಪಾಠಗಳು ಚೆನ್ನಾಗಿದ್ದವು. ಇಟಲಿಯ ಶಿಕ್ಷಣತಜ್ಞೆ ಮರಿಯಾ ಮಾಂಟೆಸ್ಸೊರಿಯವರು 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು ನಮ್ಮ ದೇಶದ ಶಿಕ್ಷಕರಿಗೆ ತರಬೇತಿ ಕೊಟ್ಟ ವಿಷಯವನ್ನು ನಾನು ಮೊದಲು ಕೇಳಿದ್ದೇ ಅಲ್ಲಿ. ಟಿಪ್ಪಣಿಗಳನ್ನು ಅಚ್ಚುಕಟ್ಟಾಗಿ ಬರೆದುಕೊಂಡೆ, ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳೂ ಬಂದವು.

ನನ್ನ ತಪ್ಪು ಬೇರೆ ಕಡೆ ನಡೆಯಿತು. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲಿ ಆ ತಪ್ಪಿಗೆ ಬಾಗಿಲು ತೆರೆದೇ ಇದೆ.

ಕೋರ್ಸಿನ ಕೈಪಿಡಿಯಲ್ಲಿ ಮೂವತ್ತು ದಿನಗಳ ಪ್ರಾಯೋಗಿಕ ತರಬೇತಿ ಎಂಬ ಒಂದು ಸಾಲಿತ್ತು. ಭಾನುವಾರ ಯಾವ ಶಾಲೆಯಲ್ಲಿಯೂ ಮಕ್ಕಳಿರುವುದಿಲ್ಲ ಎಂಬ ಸರಳ ಸಂಗತಿ ಹಣ ಕಟ್ಟುವಾಗ ನನಗೆ ಹೊಳೆಯಲಿಲ್ಲ. ಆ ಮೂವತ್ತು ದಿನಗಳೂ ವಾರದ ನಡುವೆ, ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ಇರಬೇಕಿತ್ತು. ಕಾರ್ಖಾನೆಯಲ್ಲಿ ಇಪ್ಪತ್ತು ದಿನ ದುಡಿದರೆ ಒಂದು ದಿನದ ಗಳಿಕೆ ರಜೆ ಸಿಗುತ್ತದೆ. ಮಗನಿಗೆ ಚಿಕನ್‌ಪಾಕ್ಸ್ ಬಂದಾಗ ಅದರಲ್ಲಿ ಬಹುಪಾಲು ಮುಗಿದು, ಆರು ದಿನ ಮಾತ್ರ ಉಳಿದಿದ್ದವು. ನನ್ನ ಕಷ್ಟವನ್ನು ಸಂಸ್ಥೆಯ ಕಚೇರಿಯಲ್ಲಿ ಹೇಳಿಕೊಂಡಾಗ, ಪರಿಚಯದ ಯಾವುದಾದರೂ ನರ್ಸರಿಯಿಂದ ಹಾಜರಾತಿಗೆ ಸಹಿ ಮಾಡಿಸಿಕೊಂಡು ಬಂದರೆ ಸಾಕು ಎಂದರು. ನಾನು ಹಾಗೆಯೇ ಮಾಡಿದೆ. ವೀಕ್ಷಣಾ ಪುಸ್ತಕದಲ್ಲಿ ಮೂವತ್ತು ದಿನಗಳ ಬರಹವನ್ನು, ಮಗ ಮಲಗಿದ ಮೇಲೆ ಅಡುಗೆಮನೆಯಲ್ಲಿ ಕುಳಿತು, ಅವನೊಬ್ಬನ ಆಟಪಾಠಗಳನ್ನೇ ಹತ್ತು ಮಕ್ಕಳ ಹೆಸರಿನಲ್ಲಿ ಹಂಚಿ ತುಂಬಿಸಿದೆ. ಅಂದು ನನಗೆ ಅದು ಸುಳ್ಳೆಂದು ಅನ್ನಿಸಲಿಲ್ಲ. ತಾಯಿಯಾದವಳಿಗೆ ಆ ಮೂವತ್ತು ದಿನ ಹೊಸದಾಗಿ ಏನನ್ನು ಕಲಿಸೀತು ಎಂದು ನಿಜವಾಗಿಯೂ ನಂಬಿದ್ದೆ.

ಪ್ರಮಾಣಪತ್ರ ಬಂದ ಕೂಡಲೇ ರಾಜೀನಾಮೆ ಕೊಟ್ಟು, ಜೂನ್ ತಿಂಗಳಲ್ಲಿ ಒಂದು ಪ್ರಿಸ್ಕೂಲಿಗೆ ಸೇರಿದೆ. ಎರಡೂವರೆ-ಮೂರು ವರ್ಷದ ಹದಿನೆಂಟು ಮಕ್ಕಳು, ನಾನು ಮತ್ತು ಒಬ್ಬ ಆಯಮ್ಮ. ಜೂನ್ ಎಂದರೆ ಹೊರಗೆ ಮಳೆ, ಒಳಗೆ ಅಳು. ಒಂದು ಮಗು ಅತ್ತರೆ ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಒಂದು ಮಗುವನ್ನು ಎತ್ತಿಕೊಂಡಿರುವಾಗ ಉಳಿದ ಹದಿನೇಳು ಮಕ್ಕಳ ಮೇಲೆ ಕಣ್ಣಿಡುವುದು ಹೇಗೆಂದು ಗೊತ್ತಿರಲಿಲ್ಲ. ನಾಲ್ಕನೆಯ ವಾರದಲ್ಲಿ ಒಂದು ಹುಡುಗ ಪಕ್ಕದ ಹುಡುಗಿಯ ತೋಳನ್ನು ಕಚ್ಚಿದ. ನಾನು ಓಡಿಹೋಗಿ ಕಚ್ಚಿದವನನ್ನು ಹಿಡಿದು ಗದರಿಸುತ್ತ ನಿಂತೆ. ಅವನು ಬೆದರಿ ಇನ್ನೊಂದು ಮಗುವನ್ನು ಕಚ್ಚಿದ. ಸಂಜೆ ಎರಡೂ ಮನೆಯವರು ಹಲ್ಲಿನ ಗುರುತು ನೋಡಿ ಕೇಳಿದಾಗ, ಮೊದಲು ಏನಾಯಿತು, ಯಾವ ಹೊತ್ತಿಗಾಯಿತು ಎಂದು ಹೇಳಲೂ ನನಗಾಗಲಿಲ್ಲ. ಮರುವಾರ ನನ್ನನ್ನು ಬಿಡಿಸಿದರು. ನನ್ನ ಹಳೆಯ ಹುದ್ದೆ ಅಷ್ಟರಲ್ಲಿ ಭರ್ತಿಯಾಗಿತ್ತು, ಮನೆಯ ಸಾಲದ ಕಂತು ಮಾತ್ರ ನಿಂತಿರಲಿಲ್ಲ.

ಭವಿಷ್ಯ ನಿಧಿಯ ಕಾಗದಗಳಿಗಾಗಿ ಹಳೆಯ ಕಾರ್ಖಾನೆಗೆ ಹೋದ ದಿನ, ಕಾಯುತ್ತ ಕೆಳಗಿನ ಶಿಶುಪಾಲನಾ ಕೊಠಡಿಯ ಬಾಗಿಲಲ್ಲಿ ಕುಳಿತಿದ್ದೆ. 30ಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಾರ್ಖಾನೆಯಲ್ಲಿ ಅವರ ಆರು ವರ್ಷದೊಳಗಿನ ಮಕ್ಕಳಿಗೆ ಇಂಥದೊಂದು ಕೊಠಡಿ ಇರಬೇಕೆಂದು ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯೇ ಹೇಳುತ್ತಿತ್ತು. ಅದರ ಖರ್ಚಿನ ಬಿಲ್ಲುಗಳನ್ನು ಐದು ವರ್ಷ ನಾನೇ ನೋಡಿದ್ದೆ. ಒಂದು ದಿನವೂ ಒಳಗೆ ಕಾಲಿಟ್ಟಿರಲಿಲ್ಲ. ಅಂದು ಅಲ್ಲಿಯೂ ಒಂದು ಮಗು ಇನ್ನೊಂದನ್ನು ಕಚ್ಚಿತು. ಆಯಮ್ಮ ಏರುದನಿಯಿಲ್ಲದೆ ಬಂದು, ಕಚ್ಚಿಸಿಕೊಂಡ ಮಗುವನ್ನು ಮಡಿಲಿಗೆ ತೆಗೆದುಕೊಂಡು ತೋಳಿಗೆ ತಣ್ಣೀರಿನ ಬಟ್ಟೆ ಇಟ್ಟರು. ಕಚ್ಚಿದ ಮಗುವನ್ನು ಇನ್ನೊಂದು ಕೈಯಲ್ಲಿ ಹತ್ತಿರವೇ ಕೂರಿಸಿಕೊಂಡರು. ನಾನು ಕೇಳಿದ್ದಕ್ಕೆ, "ನೋವಾಗಿರೋದನ್ನ ಮೊದಲು ಎತ್ಕೋಬೇಕು ಮೇಡಂ. ಕಚ್ಚಿದ್ದು ಎಲ್ಲಿಗೂ ಓಡಿಹೋಗಲ್ಲ, ಅದಕ್ಕೂ ಹೆದರಿಕೆ ಆಗಿರುತ್ತೆ" ಎಂದರು.

ಅನುಮತಿ ಪಡೆದು ಒಂದೂವರೆ ತಿಂಗಳು ಆ ಕೊಠಡಿಗೆ ಸಂಬಳವಿಲ್ಲದೆ ಹೋದೆ. ಕೋಣೆಯಲ್ಲಿ ಗೋಡೆಗೆ ಬೆನ್ನು ಮಾಡಿ ಕುಳಿತರೆ ಮಾತ್ರ ಎಲ್ಲ ಮಕ್ಕಳೂ ಕಾಣುತ್ತಾರೆ ಎಂಬುದನ್ನು ಅಲ್ಲಿ ಕಲಿತೆ. ಆಟ ನಿಲ್ಲಿಸುವ ಮೊದಲೇ ಮಕ್ಕಳಿಗೆ ಸೂಚನೆ ಕೊಡಬೇಕು, ಶೌಚಾಲಯಕ್ಕೆ ಒಂದು ಮಗುವನ್ನು ಕರೆದೊಯ್ಯುವಾಗ ಜೊತೆಗಿರುವವರಿಗೆ ಬಾಯಿಬಿಟ್ಟು ಹೇಳಿ ಹೋಗಬೇಕು, ಪೆಟ್ಟಾದ ಕೂಡಲೇ ಹೊತ್ತು ಸಹಿತ ಬರೆದಿಡಬೇಕು. ಇವು ನನ್ನ ಟಿಪ್ಪಣಿಗಳಲ್ಲಿಯೂ ಇದ್ದವು, ಕೈಗೆ ಬಂದಿರಲಿಲ್ಲ.

ಆದ್ದರಿಂದ ಯಾವ ಕೋರ್ಸು ಎಂದು ಕೇಳುವುದನ್ನು ಸದ್ಯಕ್ಕೆ ಬಿಡಿ ಎನ್ನುತ್ತೇನೆ. ಮೊದಲು ಹತ್ತು ದಿನ ರಜೆ ಹಾಕಿ, ಮನೆಯ ಹತ್ತಿರದ ಒಂದು ಡೇ ಕೇರ್‌ನಲ್ಲಿ ಸಹಾಯಕಿಯಾಗಿ ನಿಲ್ಲಿ. ಮೂಗು ಒರೆಸಿ, ಡೈಪರ್ ಬದಲಿಸಿ, ಊಟ ಮಾಡಿಸಿ, ಹತ್ತನೆಯ ದಿನವೂ ಅಲ್ಲಿಗೆ ಮರಳುವ ಮನಸ್ಸಿದ್ದರೆ ಮುಂದಿನ ಮಾತು. ಹತ್ತು ದಿನ ರಜೆ ಸಿಗುವುದಿಲ್ಲ ಎಂದರೆ ಪ್ರಾಯೋಗಿಕ ತರಬೇತಿಗೂ ಸಿಗುವುದಿಲ್ಲ, ಹಾಗಿರುವಾಗ ಹಣ ಕಟ್ಟಬೇಡಿ. ತರಬೇತಿ ಸಂಸ್ಥೆಯನ್ನು ಪ್ರಾಯೋಗಿಕ ತರಬೇತಿ ಯಾವ ಶಾಲೆಯಲ್ಲಿ, ಯಾವ ಗಂಟೆಗಳಲ್ಲಿ, ಯಾರ ಕಣ್ಣೆದುರು ನಡೆಯುತ್ತದೆ ಎಂದು ಕೇಳಿ, ಲಿಖಿತ ಉತ್ತರ ಪಡೆಯಿರಿ. ಸರ್ಕಾರದ ಮಾನ್ಯತೆಯಿದೆ ಎಂದು ಯಾರಾದರೂ ಹೇಳಿದರೆ ಇನ್ನಷ್ಟು ಎಚ್ಚರವಿರಲಿ: ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು 2014ರ ನಿಯಮಗಳಲ್ಲಿ ಗುರುತಿಸಿರುವ ಶಾಲಾಪೂರ್ವ ಶಿಕ್ಷಣದ ಡಿಪ್ಲೊಮಾ ಎರಡು ವರ್ಷಗಳದು, ಭಾನುವಾರಗಳ ಒಂದು ವರ್ಷದ ಕೋರ್ಸು ಅದಕ್ಕೆ ಸಮವಲ್ಲ. ನಾನು ಆಮೇಲೆ ಇಗ್ನೋ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ) ವಿಶ್ವವಿದ್ಯಾಲಯದ ಡಿಇಸಿಇ, ಅಂದರೆ ಪುಟ್ಟ ಮಕ್ಕಳ ಆರೈಕೆ ಮತ್ತು ಶಿಕ್ಷಣದ ಡಿಪ್ಲೊಮಾ ಮಾಡಿದೆ. ಅದು ದೂರಶಿಕ್ಷಣ, ದ್ವಿತೀಯ ಪಿಯುಸಿ ಸಾಕು, ಮಕ್ಕಳೊಂದಿಗೆ ಮಾಡಬೇಕಾದ ಪ್ರಾಜೆಕ್ಟ್ ಕೆಲಸವೂ ಇದೆ. ಈ ಬಾರಿ ಅದರ ಒಂದೊಂದು ಪುಟವನ್ನೂ ಮಕ್ಕಳ ನಡುವೆ ಕುಳಿತೇ ಬರೆದೆ.

ನಿಮ್ಮ ಎರಡನೆಯ ನಿರೀಕ್ಷೆಯನ್ನು ಮಾತ್ರ ನಾನು ಒಪ್ಪಲಾರೆ. ಡೇ ಕೇರ್ ತೆರೆದಿರುವುದೇ ಉಳಿದ ತಂದೆತಾಯಂದಿರು ಕಚೇರಿಯಲ್ಲಿರುವ ಹೊತ್ತಿಗಾಗಿ. ನಿಮ್ಮ ಮಗಳ ಶಾಲೆ ಬಿಡುವ ಹೊತ್ತಿಗೆ ಅಲ್ಲಿ ದೊಡ್ಡ ಮಕ್ಕಳು ಶಾಲೆಯಿಂದ ಬಂದು ಸೇರುತ್ತಾರೆ; ಸಂಜೆ ಆರೂವರೆಯ ಟ್ರಾಫಿಕ್ಕಿನಲ್ಲಿ ಒಬ್ಬ ತಾಯಿ ಸಿಕ್ಕಿಹಾಕಿಕೊಂಡರೆ ಆ ಮಗುವಿನೊಂದಿಗೆ ನೀವೂ ಕಾಯಬೇಕು. ನಾನು ಆರು ವರ್ಷ ಡೇ ಕೇರ್‌ನಲ್ಲಿ ದುಡಿದಾಗ ನನ್ನ ಮಗ ಸಂಜೆಗಳನ್ನು ಅತ್ತೆಯವರೊಂದಿಗೇ ಕಳೆದ. ಅವರಿಲ್ಲದಿದ್ದರೆ ನನ್ನಿಂದ ಇದು ಆಗುತ್ತಿರಲಿಲ್ಲ. ಮಧ್ಯಾಹ್ನ ಒಂದಕ್ಕೆ ಬಾಗಿಲು ಹಾಕುವ ಪ್ರಿಸ್ಕೂಲು ಆದರೆ ಮಾತು ಬೇರೆ, ಆದರೆ ಅಲ್ಲಿ ಸಂಬಳ ಇನ್ನೂ ಕಡಿಮೆ. ಲೆಕ್ಕಪತ್ರದಲ್ಲಿ 24 ಸಾವಿರ ಪಡೆಯುತ್ತಿದ್ದ ನಾನು ಮೊದಲ ಡೇ ಕೇರ್‌ನಲ್ಲಿ ಪಡೆದದ್ದು ಒಂಬತ್ತೂವರೆ ಸಾವಿರ. ಈಗ ಒಂದು ಕೇಂದ್ರದ ಮೇಲ್ವಿಚಾರಕಿಯಾಗಿದ್ದೇನೆ. ಹಳೆಯ ಸಂಬಳವನ್ನು ಮುಟ್ಟಲು ಏಳು ವರ್ಷ ಹಿಡಿಯಿತು, ಆದರೂ ಈ ಕೆಲಸವನ್ನು ಬಿಡುವ ಮನಸ್ಸು ನನಗೆ ಒಮ್ಮೆಯೂ ಬಂದಿಲ್ಲ.

ರಾಜೀನಾಮೆ ಪತ್ರ ಬರೆಯುವ ಮೊದಲು ಮನೆಯವರೊಂದಿಗೆ ಕುಳಿತು, ಸಂಜೆ ನಾಲ್ಕರಿಂದ ಏಳರವರೆಗೆ ಮಗಳು ಯಾರ ಬಳಿ ಇರುತ್ತಾಳೆ ಎಂಬುದನ್ನು ಸೋಮವಾರದಿಂದ ಶನಿವಾರದವರೆಗೆ ಒಂದೊಂದು ದಿನಕ್ಕೂ ಹೆಸರು ಹಾಕಿ ಬರೆದುನೋಡಿ. ನಿಮ್ಮ ಮನೆಯ ಪರಿಸ್ಥಿತಿ ತಿಳಿಸಿದರೆ, ಆ ಮೂರು ಗಂಟೆಗಳಿಗೆ ನಾನು ಏನು ಮಾಡಿಕೊಂಡೆ ಎಂಬುದನ್ನು ಇನ್ನಷ್ಟು ವಿವರವಾಗಿ ಬರೆಯುತ್ತೇನೆ.