ಪಿಎಚ್‌ಡಿ ಆದ ಮೇಲೂ ಮಗಳದ್ದು ಇನ್ನೂ ಓದೇನಾ?

ಪ್ರಶ್ನೆ: ನನ್ನ ಮಗಳಿಗೆ ಪಿಎಚ್‌ಡಿ ಆಗಿ ಒಂದು ವರ್ಷ ಆಯಿತು. ಈಗ ದೂರದ ವಿಶ್ವವಿದ್ಯಾಲಯವೊಂದರಲ್ಲಿ ಬಾಯಿ ಕ್ಯಾನ್ಸರ್ ಬಗ್ಗೆ ಪೋಸ್ಟ್‌ಡಾಕ್ ಮಾಡುತ್ತಿದ್ದಾಳೆ. ಭಾನುವಾರವೂ ಲ್ಯಾಬ್ ಅನ್ನುತ್ತಾಳೆ. ಇನ್ನೂ ಎಷ್ಟು ಓದುವುದು? ನಮ್ಮದು ಅಡಿಕೆ ತೋಟ. ಅವಳ ಪ್ರಯೋಗ ಅಡಿಕೆ ಮೇಲೆಯೇ ಅಂತ ಗೊತ್ತಾದಾಗಿನಿಂದ ಇವರು ಅವಳ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ.
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಅಕ್ಕಾ, ಪೋಸ್ಟ್‌ಡಾಕ್ ಅಂದರೆ ಪಿಎಚ್‌ಡಿ ಮುಗಿಸಿದವರು ಮಾಡುವ ಸಂಶೋಧನೆ. ಅದು ಓದಲ್ಲ, ಕೆಲಸ. ಪರೀಕ್ಷೆ ಇಲ್ಲ, ಹೊಸ ಡಿಗ್ರಿಯೂ ಇಲ್ಲ. ಕೇಂದ್ರ ಸರಕಾರದ ಯೋಜನೆಗಳಲ್ಲಿ 2023ರಿಂದ ಇಂಥ ಕೆಲಸದವರಿಗೆ, ಅಂದರೆ ರಿಸರ್ಚ್ ಅಸೋಸಿಯೇಟ್‌ಗಳಿಗೆ, ತಿಂಗಳಿಗೆ 58,000 ರೂಪಾಯಿಯಿಂದ ಶುರು, ಮನೆ ಬಾಡಿಗೆ ಬೇರೆ. ಆದರೆ ಹಣ ಹೊತ್ತಿಗೆ ಸರಿಯಾಗಿ ಕೈಗೆ ಬರುತ್ತದೆ ಅಂತ ಇಲ್ಲ. ನಾನು ಪೋಸ್ಟ್‌ಡಾಕ್ ಮಾಡುವಾಗ ಒಮ್ಮೆ ಐದು ತಿಂಗಳು ಬರಲೇ ಇಲ್ಲ, ಮನೆಯಲ್ಲಿ ಹೇಳಲು ನಾಚಿಕೆಯಾಗಿ ಸುಮ್ಮನಿದ್ದೆ. ನಿಮ್ಮ ಮಗಳನ್ನು ನೀವೇ ಒಮ್ಮೆ ಕೇಳಿ ನೋಡಿ.

ಭಾನುವಾರದ ವಿಷಯ. ಅವಳು ಸಾಕುವುದು ಜೀವ ಇರುವ ಕ್ಯಾನ್ಸರ್ ಕೋಶಗಳನ್ನು. ಅಂಗೈ ಅಗಲದ ಪ್ಲಾಸ್ಟಿಕ್ ಫ್ಲಾಸ್ಕ್, ಅದರೊಳಗೆ ಗುಲಾಬಿ ಬಣ್ಣದ ದ್ರವ, ಅದನ್ನಿಡುವ ಪೆಟ್ಟಿಗೆಯಲ್ಲಿ ನಮ್ಮ ಮೈ ಬಿಸಿಯಷ್ಟೇ, 37 ಡಿಗ್ರಿ. ಎರಡು ಮೂರು ದಿನದಲ್ಲಿ ಆ ದ್ರವ ಹುಳಿಯಾಗಿ ಹಳದಿಗೆ ತಿರುಗುತ್ತದೆ, ಆಗ ಹೊಸದು ಹಾಕಲೇಬೇಕು, ಇಲ್ಲದಿದ್ದರೆ ಕೋಶಗಳು ಸಾಯುತ್ತವೆ. ಮಳೆ ಬಿಟ್ಟ ದಿನ ಕೊಳೆರೋಗಕ್ಕೆ ಮದ್ದು ಬಿಡುವಾಗ ನೀವು ಭಾನುವಾರ ಅಂತ ನೋಡುತ್ತೀರಾ? ಹಾಗೇ ಇದು. ಒಮ್ಮೆ ನನ್ನ ಫ್ಲಾಸ್ಕಿನಲ್ಲಿ ಬಿಳಿ ಹತ್ತಿಯ ಹಾಗೆ ಬೂಷ್ಟು ಕಾಣಿಸಿತು. ಮೂರು ತಿಂಗಳ ಕೆಲಸ ಅಷ್ಟೂ ಬಿಸಾಡಿದೆ. ಆವತ್ತು ಅಮ್ಮ ಫೋನ್ ಮಾಡಿ ‘ಯಾವಾಗ ಮುಗಿಯುತ್ತದೆ?’ ಅಂತ ಕೇಳಿದಾಗ ಅಳು ತಡೆಯಲಾಗಲಿಲ್ಲ.

ಇನ್ನು ಅಡಿಕೆ. ಇದನ್ನು ಮುಚ್ಚಿಟ್ಟು ಹೇಳಲಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ತಂಬಾಕು ಇಲ್ಲದೆ ಬರೀ ಅಡಿಕೆ ಜಗಿದರೂ ತೊಂದರೆಯೇ. ಅದರಲ್ಲಿರುವ ಅರೆಕೋಲಿನ್ ಅನ್ನುವ ರಾಸಾಯನಿಕ ಬಾಯಿಯ ಒಳಚರ್ಮದಲ್ಲಿ ನಾರು ಬೆಳೆಯುವ ಹಾಗೆ ಮಾಡುತ್ತದೆ, ಕೆನ್ನೆ ಬಿಗಿಯುತ್ತದೆ, ಬಾಯಿ ತೆರೆಯಲು ಆಗುವುದಿಲ್ಲ. ಅಂಥವರಲ್ಲಿ ಕೆಲವರಿಗೆ ಮುಂದೆ ಕ್ಯಾನ್ಸರ್ ಆಗುತ್ತದೆ. ನನ್ನ ಅಜ್ಜಿಯ ಬಾಯಿಗೆ ಕೊನೆಕೊನೆಗೆ ಎರಡು ಬೆರಳೂ ಹೋಗುತ್ತಿರಲಿಲ್ಲ, ಗಂಜಿ ತಿಳಿ ಕುಡಿದೇ ದಿನ ಕಳೆದರು. ನಮ್ಮದೂ ಅಡಿಕೆಯ ಮನೆಯೇ.

ಯಾರಿಗೆ ಯಾಕೆ ಹಾಗಾಗುತ್ತದೆ, ಮೊದಲೇ ಕಂಡುಹಿಡಿಯಬಹುದಾ ಅಂತ ಹುಡುಕುವ ಕೆಲಸ ಇದು. ತೋಟದ ದುಡ್ಡಿನಲ್ಲಿ ಓದಿದ ಹುಡುಗಿಗೆ ಇದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಅವಳು ನಿಮ್ಮ ತೋಟದ ಮೇಲೆ ಹಗೆ ಸಾಧಿಸುತ್ತಿಲ್ಲ ಅಂತ ಭಾವನಿಗೆ ಹೇಳಿ.

ಈ ಸಲ ಓಣಂ ರಜೆಗೆ ಬಂದಾಗ ಕೋಶಗಳ ಫೋಟೊ ತೋರಿಸು ಅನ್ನಿ. ಮೊಬೈಲ್‌ನಲ್ಲಿ ಇದ್ದೇ ಇರುತ್ತದೆ. ಅಪ್ಪನೂ ಪಕ್ಕದಲ್ಲಿ ಕೂತಿರಲಿ.