ಗಿರಿಧಾಮಗಳಿಗೆ ಮೊದಲು ಬೆಳಕು ಬಂದದ್ದು ಯಾರಿಗಾಗಿ?

ಪ್ರಶ್ನೆ: ನಮ್ಮ ಹೊಲದಿಂದ ಕಪ್ಪತಗುಡ್ಡದ ಗಾಳಿಯಂತ್ರಗಳು ಕಾಣಿಸುತ್ತವೆ. ಅಲ್ಲಿ ಹುಟ್ಟುವ ವಿದ್ಯುತ್ತು ಯಾರಿಗೆ ಹೋಗುತ್ತದೆ ಎಂಬ ಮಾತು ಊರಿನಲ್ಲಿ ಆಗಾಗ ಬರುತ್ತದೆ. ಬ್ರಿಟಿಷರ ಕಾಲದಲ್ಲಿ ಬೆಟ್ಟಗಳಲ್ಲಿ ಕಟ್ಟಿದ ಜಲವಿದ್ಯುತ್ ಕೇಂದ್ರಗಳಿಂದ ಅಲ್ಲಿಯ ಜನರಿಗೆ ಪ್ರಯೋಜನವಾಯಿತೇ?
— ಓದುಗರೊಬ್ಬರು, ಮುಂಡರಗಿ, ಗದಗ ಜಿಲ್ಲೆ

ಉತ್ತರ: ಆಗಲಿಲ್ಲವೆಂದೇ ಹೇಳಬೇಕು. 1897ರಲ್ಲಿ ಡಾರ್ಜಿಲಿಂಗ್ ಬಳಿಯ ಸಿದ್ರಾಪೋಂಗ್‌ನಲ್ಲಿ ಆರಂಭವಾದ ಕೇಂದ್ರದ ಸಾಮರ್ಥ್ಯ ಕೇವಲ 130 ಕಿಲೋವ್ಯಾಟ್. ಹತ್ತು ಅಶ್ವಶಕ್ತಿಯ ಮೋಟಾರಿರುವ ಹದಿನೇಳು ಹಿಟ್ಟಿನ ಗಿರಣಿಗಳಿಗೆ ಸಾಕಾಗುವಷ್ಟು. ಕಡಿದಾದ ಇಳಿಜಾರಿನಲ್ಲಿ ಸಣ್ಣ ಹಳ್ಳದ ನೀರೂ ಎತ್ತರದಿಂದ ಬಿದ್ದು ಚಕ್ರ ತಿರುಗಿಸಬಲ್ಲದು ಎಂಬುದು ನಿಜ. ಆದರೆ ಆ ಅನುಕೂಲ ಒದಗಿದ್ದು ಸಾಹೇಬರು ಬೇಸಿಗೆ ಕಳೆಯುತ್ತಿದ್ದ ಪಟ್ಟಣಗಳಿಗೆ. ಬೇಸಿಗೆ ರಾಜಧಾನಿಯಾಗಿದ್ದ ಶಿಮ್ಲಾಕ್ಕೆ ಛಾಬಾ ಕೇಂದ್ರದ ವಿದ್ಯುತ್ತು ಬಂದದ್ದೂ ಹೀಗೆಯೇ.

ದೊಡ್ಡ ಕೇಂದ್ರಗಳ ಕಾಲದಲ್ಲಿ ಅನ್ಯಾಯವೂ ದೊಡ್ಡದಾಯಿತು. ಆಗ ನಮ್ಮ ಧಾರವಾಡ ಜಿಲ್ಲೆಯೂ ಸೇರಿದ್ದ ಮುಂಬಯಿ ಪ್ರಾಂತದಲ್ಲಿಯೇ ಅದರ ಉದಾಹರಣೆಯಿದೆ. ಮುಂಬಯಿಯ ಬಟ್ಟೆ ಗಿರಣಿಗಳಿಗೆ ವಿದ್ಯುತ್ ಒದಗಿಸಲು ಟಾಟಾ ಕಂಪನಿ ಪುಣೆಯ ಪಶ್ಚಿಮದ ಮುಳಶಿ ಕಣಿವೆಯಲ್ಲಿ ಅಣೆಕಟ್ಟು ಕಟ್ಟಲು ಹೊರಟಾಗ, ಸರಕಾರ 1894ರ ಭೂಸ್ವಾಧೀನ ಕಾಯಿದೆಯ ಬಲದಿಂದ ರೈತರ ಗದ್ದೆಗಳನ್ನು ಕಂಪನಿಗೆ ಕೊಡಿಸಿತು. 1921ರ ರಾಮನವಮಿಯಂದು ಆ ಕಣಿವೆಯ ಮಾವಳ ರೈತರು ಅಣೆಕಟ್ಟಿನ ಕೆಲಸದ ಜಾಗದಲ್ಲಿಯೇ ಕುಳಿತು ಸತ್ಯಾಗ್ರಹ ಆರಂಭಿಸಿದರು. ಸ್ವಾತಂತ್ರ್ಯ ಹೋರಾಟಗಾರ ಸೇನಾಪತಿ ಬಾಪಟರು ಮುಂದಾಳತ್ವ ವಹಿಸಿ ಜೈಲಿಗೆ ಹೋದರು. ಸಾಲದ ಬಾಬತ್ತಿನಲ್ಲಿ ಜಮೀನುಗಳ ಮೇಲೆ ಹಕ್ಕು ಪಡೆದಿದ್ದ ಪುಣೆಯ ಸಾಹುಕಾರರು ಪರಿಹಾರದ ಹಣಕ್ಕೆ ಒಪ್ಪಿದರು, ಉಳುವವನು ಒಂಟಿಯಾದನು. ಈ ಕಥೆ ನಮ್ಮ ಶಾಲೆಯ ಮಕ್ಕಳಿಗೂ ಗೊತ್ತಿರಬೇಕೆಂದು ನನಗೆ ಬಲವಾಗಿ ಅನಿಸುತ್ತದೆ.

ಎಲ್ಲವನ್ನೂ ಬ್ರಿಟಿಷರೇ ಕಟ್ಟಿದರೆಂದೂ ತಿಳಿಯಬಾರದು. 1902ರ ಶಿವನಸಮುದ್ರ ಕೇಂದ್ರ ಮೈಸೂರು ಸಂಸ್ಥಾನದ್ದು. ಆದರೂ ಅದರ ವಿದ್ಯುತ್ತು ಮೊದಲು ಹರಿದದ್ದು ಬ್ರಿಟಿಷ್ ಕಂಪನಿಗಳ ಕೋಲಾರ ಚಿನ್ನದ ಗಣಿಗಳಿಗೆ, ಬೆಂಗಳೂರಿನ ಬೀದಿದೀಪ ಹೊತ್ತಿದ್ದು 1905ರಲ್ಲಿ.

ಇಂಥ ವ್ಯವಸ್ಥೆಗಳು ಸ್ವಾತಂತ್ರ್ಯದೊಂದಿಗೆ ಮುಗಿಯಲಿಲ್ಲ. ಈಗ ಹಿಮಾಚಲ ಪ್ರದೇಶದಲ್ಲಿರುವ ಮಂಡಿ ಸಂಸ್ಥಾನದ ರಾಜ ಜೋಗಿಂದರ್ ಸೇನ್ 1925ರಲ್ಲಿ ಶಾನನ್ ಜಲವಿದ್ಯುತ್ ಯೋಜನೆಯ ಜಾಗವನ್ನು ಬ್ರಿಟಿಷ್ ಸರಕಾರಕ್ಕೆ 99 ವರ್ಷಗಳ ಗುತ್ತಿಗೆಗೆ ಕೊಟ್ಟರು. ಅಲ್ಲಿಯ ವಿದ್ಯುತ್ತು ಬೆಟ್ಟವಿಳಿದು ಪಂಜಾಬಿನ ಬಯಲಿಗೆ, ಲಾಹೋರಿಗೆ ಹೋಯಿತು. ಆ ಗುತ್ತಿಗೆ 2024ರ ಮಾರ್ಚ್‌ನಲ್ಲಿ ಮುಗಿದಿದೆ. ಆ ವಿದ್ಯುತ್ ಕೇಂದ್ರ ತಮಗೇ ಸೇರಬೇಕೆಂದು ಹಿಮಾಚಲವೂ ಪಂಜಾಬವೂ ಪಟ್ಟು ಹಿಡಿದದ್ದರಿಂದ ವ್ಯಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು.